ಕುದುರೆ ದಂಡಿನ ಕೋವಿಯೋ, ಆಮೇಲೆ ಕತ್ತರಿಸಿದ್ದೋ?

ಓದುಗರ ಪ್ರಶ್ನೆ: ನಾನು ಮಡಿಕೇರಿ ಕಡೆಯವನು. 11 ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಅಜ್ಜನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಬೆಳೆದವನು. ಹಾಗಾಗಿ ಹಳೆಯ ಕೋವಿ ಅಂದರೆ ಮೊದಲಿಂದ ಆಸೆ. ಇಲ್ಲಿ ಹಳೆ ಸಾಮಾನು ಮಾರುವ ಒಬ್ಬರ ಬಳಿ 1873ರ ಸ್ಪ್ರಿಂಗ್‌ಫೀಲ್ಡ್ ಟ್ರಾಪ್‌ಡೋರ್ ಕಾರ್ಬೈನ್ ಇದೆ, ಅಂದರೆ ಹಿಂದಿನ ಮುಚ್ಚಳ ಎತ್ತಿ ತೋಟಾ ಹಾಕುವ ಗಿಡ್ಡ ಕೋವಿ. 'ಕಸ್ಟರ್ ಕಾಲದ ಕುದುರೆ ದಂಡಿನದು' ಅನ್ನುತ್ತಾರೆ. 3,800 ಡಾಲರ್ ಹೇಳಿದ್ದಾರೆ. ನಂಬರ್ 38 ಸಾವಿರದ ಮೇಲಿದೆ. ಲಾಕ್ ಮೇಲೆ, ಅಂದರೆ ಟ್ರಿಗರ್ ಏರ್ಪಾಡಿನ ಪಕ್ಕದ ತಟ್ಟೆ ಮೇಲೆ, 1873 ಅಂತ ಇದೆ. ಎಡಗಡೆ ಬಳೆ ಇದೆ. ಗುರಿ ನೋಡುವ ಹಿಂದಿನ ಸೈಟ್ ಮೇಲೆ 'ಆರ್' ಅಕ್ಷರ ಇದೆ. ಬ್ಯಾರೆಲ್ ಹೊರಗೆ ಕಪ್ಪಗೆ ಮಿಂಚುತ್ತದೆ, ಒಳಗೆ ಮಾತ್ರ ಕತ್ತಲೆ. ಮರ ತುಂಬ ನುಣುಪಾಗಿದೆ, ಮುದ್ರೆ ಏನೂ ಕಾಣಲಿಲ್ಲ. ಮರದ ಕೆಳಗಡೆ ಉದ್ದಕ್ಕೂ ಬೇರೆ ಬಣ್ಣದ ಪಟ್ಟಿಯೊಂದು ಇದೆ. ಇದು ಅಸಲಿಯಾ? ತೆಗೆದುಕೊಂಡರೆ ತುಕ್ಕು ತೆಗೆಯುವುದು ಹೇಗೆ? ಗುಂಡು ಹಾರಿಸಬಹುದಾ? ಮುಂದೆ ಊರಿಗೆ ತರಬಹುದಾ? ಶನಿವಾರದೊಳಗೆ ಹೇಳಿ ಎಂದಿದ್ದಾರೆ.

ಉತ್ತರ:

ನಿಮ್ಮ ಪ್ರಶ್ನೆ ನಾಲ್ಕು, ಆತಂಕ ಒಂದೇ. ಇಷ್ಟು ದುಡ್ಡು ಕೊಟ್ಟು ಮೋಸ ಹೋಗ್ತೀನಾ ಅನ್ನುವುದು. ಅದಕ್ಕೆ ನೇರವಾಗಿ ಹೇಳುತ್ತೇನೆ. ನೀವು ಬರೆದ ಗುರುತುಗಳನ್ನು ನೋಡಿದರೆ ಇದು ಕುದುರೆ ದಂಡಿಗಾಗಿ ಮಾಡಿದ ಕಾರ್ಬೈನ್ ಅನ್ನಿಸುವುದಿಲ್ಲ. ಕಾಲಾಳುಗಳ ಉದ್ದನೆಯ ರೈಫಲ್ ಒಂದನ್ನು ಆಮೇಲೆ ಯಾರೋ ಗಿಡ್ಡ ಮಾಡಿದ್ದಾರೆ ಅಂತ ನನಗೆ ಬಲವಾದ ಅನುಮಾನ. ಕೈಯಲ್ಲಿ ಹಿಡಿಯದೆ ತೀರ್ಪು ಕೊಡಬಾರದು, ಅದು ಸರಿ. ಆದರೆ ನಿಮ್ಮ ಕಣ್ಣು ಚೆನ್ನಾಗಿದೆ. ನೋಡಬೇಕಾದ್ದನ್ನೆಲ್ಲ ನೋಡಿದ್ದೀರಿ, ಅದರ ಅರ್ಥ ಮಾತ್ರ ಗೊತ್ತಾಗಿಲ್ಲ.

ಅದಕ್ಕೂ ಮೊದಲು ಒಂದು ಮಾತು. ಮತ್ತೆ ಆ ಅಂಗಡಿಗೆ ಹೋದಾಗ ಮೊದಲು ಮುಚ್ಚಳ ಎತ್ತಿ ತೋಟಾ ಗೂಡು ಖಾಲಿ ಇದೆಯಾ ನೋಡಿ. ಬಾಯಿ ಯಾರ ಕಡೆಗೂ ಇರಬಾರದು. ನೂರಾರು ವರ್ಷದ ಕೋವಿಯಲ್ಲೂ ತೋಟಾ ಕೂತಿದ್ದನ್ನು ನಾನು ನೋಡಿದ್ದೇನೆ. ಅಟ್ಟದ ಮೇಲಿಂದ ಇಳಿಸಿದ ಒಂದು ಕೋವಿಯನ್ನು ಮನೆಯ ಮಕ್ಕಳು ಅದಾಗಲೇ ಎಷ್ಟೋ ಸಲ ಆಡಿಸಿದ್ದರು. ನನ್ನ ಮೇಜಿನ ಮೇಲೆ ತೆರೆದಾಗ ಒಳಗೆ ತೋಟಾ ಇತ್ತು. ಆ ದಿನ ಆದ ನಡುಕ ಇನ್ನೂ ನೆನಪಿದೆ.

ಈಗ ಕಥೆಗೆ ಬರೋಣ. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿ ಬಳಿ ಅಮೆರಿಕದ 7ನೇ ಕುದುರೆ ದಂಡು ಲಕೋಟಾ, ಶೈಯೆನ್ ಜನರ ಕೈಲಿ ಸೋತಿತು. ಆ ದಂಡನ್ನು ನಡೆಸುತ್ತಿದ್ದ ಕಸ್ಟರ್ ಸತ್ತ. ಕೊನೆಯವರೆಗೆ ಅವನ ಜೊತೆ ನಿಂತ ಐದು ತುಕಡಿಗಳವರೂ ಸತ್ತರು. ಅವರ ಕೈಯಲ್ಲಿದ್ದದ್ದು ಇದೇ ಮಾದರಿಯ ಕಾರ್ಬೈನ್. ಹಾಗಾಗಿ 43,700ಕ್ಕಿಂತ ಕೆಳಗಿನ ನಂಬರ್ ಇದ್ದರೆ 'ಕಸ್ಟರ್ ಸಾಲಿನದು' ಅಂತ ಸಂಗ್ರಹಕಾರರು ಕರೆಯುತ್ತಾರೆ. ಅದರ ಅರ್ಥ ಇಷ್ಟೇ: ಆ ಯುದ್ಧದ ಹೊತ್ತಿಗೆ ಈ ಕೋವಿ ತಯಾರಾಗಿತ್ತು. ಅಲ್ಲಿತ್ತು ಅಂತ ಅಲ್ಲ. ಸತ್ತವರ ಕೋವಿಗಳನ್ನು ಗೆದ್ದವರು ಎತ್ತಿಕೊಂಡು ಹೋದರು. ಯಾವ ನಂಬರಿನ ಕೋವಿ ಯಾರ ಕೈಲಿತ್ತು ಅನ್ನುವ ಪೂರ್ತಿ ಪಟ್ಟಿ ಇಲ್ಲ. 1983ರಲ್ಲಿ ಆ ಬಯಲಿಗೆ ಬೆಂಕಿ ಬಿದ್ದು ಹುಲ್ಲು ಸುಟ್ಟುಹೋಯಿತು. ಆಮೇಲೆ ಪುರಾತತ್ವದವರು ಲೋಹ ಹುಡುಕುವ ಯಂತ್ರ ಹಿಡಿದು, ಹಾರಿಸಿದ ತೋಟಾಗಳ ಖಾಲಿ ಕೊಪ್ಪೆಗಳನ್ನು ಹೆಕ್ಕಿದರು. ಗುಂಡು ಹಾರಿಸುವಾಗ ಕೊಪ್ಪೆಯ ಮೇಲೆ ಪಿನ್ ಹೊಡೆದ ಗುರುತನ್ನು ಉಳಿದಿರುವ ಕೋವಿಗಳ ಜೊತೆ ಹೋಲಿಸಿದರು. ಹಾಗೆ ಹೊಂದಿಕೆಯಾದವು ಬೆರಳೆಣಿಕೆಯಷ್ಟು. ಅಂಥ ಕಾಗದ ಜೊತೆಗಿಲ್ಲ ಅಂದರೆ ಕಸ್ಟರ್ ಹೆಸರಿಗೆ ಒಂದು ಡಾಲರೂ ಜಾಸ್ತಿ ಕೊಡಬೇಡಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ರೈಫಲ್‌ಗೂ ಕಾರ್ಬೈನ್‌ಗೂ ನಂಬರ್ ಸಾಲು ಒಂದೇ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯಲ್ಲಿ ಎರಡೂ ತಯಾರಾಗುತ್ತಿದ್ದವು. ಹಾಗಾಗಿ 38 ಸಾವಿರದ ನಂಬರ್ ರೈಫಲ್‌ನದೂ ಆಗಿರಬಹುದು. ಲಾಕ್ ಮೇಲಿನ 1873 ಕೂಡ ಹಾಗೇ. ಅದು ಮಾದರಿಯ ವರ್ಷ, ತಯಾರಾದ ವರ್ಷ ಅಲ್ಲ. ಅದೂ ಎರಡರ ಮೇಲೂ ಇರುತ್ತಿತ್ತು. ಮಾರುವವರು ತೋರಿಸಿದ ಎರಡು ದೊಡ್ಡ ಸಾಕ್ಷಿಗಳೂ ಕುದುರೆ ದಂಡಿನ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾದರೆ ಹೇಳುವುದು ಯಾವುದು? ಕುದುರೆ. ಅಂದರೆ ಕುದುರೆಯ ಮೇಲೆ ಕೂತವನಿಗೆ ಏನು ಬೇಕಿತ್ತು ಅನ್ನುವುದು. ಅಲ್ಲಿಂದ ಹೊರಟರೆ ಎಲ್ಲ ಬಿಡಿಸಿಕೊಳ್ಳುತ್ತದೆ.

ಕಾಲಾಳಿನ ರೈಫಲ್‌ಗೆ ಬ್ಯಾರೆಲ್ 32 ಇಂಚಿಗೂ ಜಾಸ್ತಿ. ಕಾರ್ಬೈನ್‌ಗೆ 22 ಇಂಚು, ತೂಕ ಸುಮಾರು 7 ಪೌಂಡ್. ಸವಾರ ಅದನ್ನು ಹೆಗಲ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿದ್ದ. ಅದಕ್ಕೇ ಎಡಗಡೆ ಸರಳು, ಅದರ ಮೇಲೆ ಜಾರುವ ಬಳೆ. ಸವಾರ ಬಯೊನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಚೂರಿ) ಹಾಕುವುದಿಲ್ಲ. ರೈಫಲ್‌ನಲ್ಲಿ ಮುಂದಿನ ಸೈಟಿನ ಬುಡವೇ ಬಯೊನೆಟ್ ಹಿಡಿಯುವ ಗುಬ್ಬಿ, ಕಾರ್ಬೈನ್‌ಗೆ ಆ ಕೆಲಸ ಇಲ್ಲ. ರೈಫಲ್‌ನಲ್ಲಿ ಬ್ಯಾರೆಲ್ ಕೆಳಗೆ, ಅದನ್ನು ಒರೆಸುವ ಉದ್ದನೆಯ ಸರಳು ಕೂರುತ್ತದೆ. ಅದಕ್ಕಾಗಿ ಮರದಲ್ಲಿ ಕಾಲುವೆಯ ಹಾಗೆ ಕೊರೆದಿರುತ್ತಾರೆ. ಕಾರ್ಬೈನ್‌ಗೆ ಆ ಸರಳೂ ಇಲ್ಲ, ಕಾಲುವೆಯೂ ಇಲ್ಲ. ಮುಂದಿನ ಮರ ಗಿಡ್ಡ, ಬ್ಯಾರೆಲನ್ನು ಮರಕ್ಕೆ ಬಿಗಿಯುವ ಕಬ್ಬಿಣದ ಪಟ್ಟಿ ಒಂದೇ.

ಈಗ ನೀವು ಕಂಡ ಆ ಬೇರೆ ಬಣ್ಣದ ಪಟ್ಟಿ ನೆನಪಿಸಿಕೊಳ್ಳಿ. ಉದ್ದಕ್ಕೂ ಇದೆ ಅಂದಿರಿ. ಅದು ಸರಳಿನ ಕಾಲುವೆಗೆ ಮರದ ತುಂಡು ಕೂರಿಸಿ ಮುಚ್ಚಿದ್ದು ಅನ್ನಿಸುತ್ತದೆ. ಅಸಲಿ ಕಾರ್ಬೈನ್‌ನಲ್ಲಿ ಮುಚ್ಚುವುದಕ್ಕೆ ಕಾಲುವೆಯೇ ಇರುವುದಿಲ್ಲ, ಅಲ್ವಾ? ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇದೇ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎರಡು ಅಂಚಿನಲ್ಲೂ ಕೂದಲೆಳೆ ಗೆರೆ ಕಂಡರೆ, ಪಟ್ಟಿಯ ಮರದ ನಾರು ಸುತ್ತಲಿನ ನಾರಿಗೆ ಹೊಂದದಿದ್ದರೆ, ಮುಗಿಯಿತು.

'ಆರ್' ಅಕ್ಷರ ಅದಕ್ಕೆ ಜೊತೆಯಾಗುತ್ತದೆ. ರೈಫಲ್ ತೋಟಾದಲ್ಲಿ 70 ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಕರಿಮದ್ದು. ಹಗುರವಾದ ಕಾರ್ಬೈನ್‌ನಲ್ಲಿ ಅಷ್ಟು ಹಾಕಿದರೆ ಹೆಗಲಿಗೆ ಏಟು ಜೋರು. ಅದಕ್ಕೆ ಸವಾರರಿಗೆ 55 ಗ್ರೇನ್ ಕೊಡುತ್ತಿದ್ದರು. ಮದ್ದು ಕಡಿಮೆ, ಬ್ಯಾರೆಲ್ ಗಿಡ್ಡ, ಹಾಗಾಗಿ ಗುಂಡು ನಿಧಾನ, ಬೇಗ ಕೆಳಗಿಳಿಯುತ್ತದೆ. ದೂರದ ಅಳತೆಯ ಗೆರೆಗಳು ಎರಡಕ್ಕೂ ಬೇರೆ ಬೇರೆ ಬೇಕು. ಮುಂದೆ ಸುಧಾರಿಸಿದ ಸೈಟ್‌ಗಳ ಮೇಲೆ ರೈಫಲ್‌ಗೆ 'ಆರ್', ಕಾರ್ಬೈನ್‌ಗೆ 'ಸಿ' ಅಂತ ಹೊಡೆದರು. ಆದರೆ ಇದೊಂದನ್ನೇ ನಂಬಬೇಡಿ. ಸೈಟ್ ಕೂತಿರುವುದು ಎರಡು ತಿರುಪಿನ ಮೇಲೆ. 150 ವರ್ಷದಲ್ಲಿ ಯಾರು ಬೇಕಾದರೂ ಬದಲಿಸಿರಬಹುದು. ಬಳೆಗೂ ಇದೇ ಮಾತು. ಹೊಸದಾಗಿ ಮಾಡಿದ ಬಳೆ, ಸರಳು ಈಗಲೂ ಮಾರಾಟಕ್ಕೆ ಸಿಗುತ್ತವೆ. ಬಳೆಯನ್ನು ಬಿಟ್ಟು, ಅದು ಕೂತಿರುವ ಜಾಗದ ಮರವನ್ನು ನೋಡಿ. ಹಳೆಯ ಕೊರೆತದ ಒಳಗೆ ಎಣ್ಣೆ, ಕೊಳೆ ಕೂತು ಕಪ್ಪಾಗಿರುತ್ತದೆ. ಹೊಸ ಕೊರೆತದ ಅಂಚು ತಿಳಿ ಬಣ್ಣ.

ಬ್ಯಾರೆಲ್‌ನ ಬಾಯನ್ನೂ ಎದುರಿಗೆ ಹಿಡಿದು ನೋಡಿ. ಮೊದಲು ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡೇ. ಕಾರ್ಖಾನೆಯ ಬಾಯಿ ಒಂದೇ ಸಮನೆ ದುಂಡಗಿರುತ್ತದೆ. ಗರಗಸ ಹಾಕಿದ್ದರಲ್ಲಿ ಅರದ ಗೆರೆ, ಓರೆಯಾದ ಅಂಚು ಕಾಣುವುದುಂಟು. ಮುಂದಿನ ಸೈಟಿನ ಬುಡದ ಸುತ್ತ ಬೆಸುಗೆಯ ಬಿಳಿ ಗೆರೆ ಇದೆಯಾ ನೋಡಿ. ಹಿಂದಿನ ತುದಿಯ ಕಬ್ಬಿಣದ ತಟ್ಟೆಯನ್ನೂ ನೋಡಿ. ಅದರಲ್ಲಿ ಬ್ಯಾರೆಲ್ ಒರೆಸುವ ಗಿಡ್ಡ ಸರಳು ಇಡುವ ಸಣ್ಣ ಬಾಗಿಲು ಇದ್ದರೆ ಆ ಮರ 1877ರದ್ದು ಅಥವಾ ಅದರ ನಂತರದ್ದು. 38 ಸಾವಿರದ ನಂಬರಿಗೆ ಅದು ಹುಟ್ಟಿನ ಮರ ಅಲ್ಲ.

ಹೀಗೆ ಕತ್ತರಿಸಿದ್ದೆಲ್ಲ ಮೋಸಕ್ಕೆ ಅಂತ ತಿಳಿಯಬೇಡಿ. 1890ರ ದಶಕದಲ್ಲಿ ಅಮೆರಿಕದ ಸೇನೆ ಕ್ರಾಗ್ ಅನ್ನುವ ಹೊಸ ರೈಫಲ್‌ಗೆ ಬದಲಾಯಿತು. ಟ್ರಾಪ್‌ಡೋರ್‌ಗಳು ಮೂಲೆಗೆ ಬಿದ್ದವು. ಆಮೇಲೆ ಅಗ್ಗಕ್ಕೆ ಮಾರಾಟವಾದವು. ರೈತರು, ಬೇಟೆಯವರು ಕೊಂಡು, ಹೊತ್ತು ತಿರುಗಲು ಸುಲಭ ಅಂತ ಗಿಡ್ಡ ಮಾಡಿಕೊಂಡರು. ಅದಕ್ಕೂ ಒಂದು ಪ್ರಾಮಾಣಿಕ ಬದುಕು ಇದೆ. ಅಂಥದ್ದಕ್ಕೆ ಬಳೆ ಸೇರಿಸಿ ಕಾರ್ಬೈನ್ ಬೆಲೆ ಕೇಳುವುದು ಮಾತ್ರ ತಪ್ಪು. ನಿಮಗೆ ಮಾರುವವರಿಗೇ ಇದು ಗೊತ್ತಿಲ್ಲದಿರಬಹುದು. ಅವರೂ ಯಾರದೋ ಮಾತು ನಂಬಿ ಕೊಂಡಿರಬಹುದು.

ಇನ್ನು ಸ್ಥಿತಿಯ ವಿಷಯ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಮಿಂಚುವ ಕೋವಿ ಒಳ್ಳೆಯ ಕೋವಿ ಅಂತ ನಮಗೆಲ್ಲ ಅನ್ನಿಸುತ್ತದೆ. ಹಳೆಯ ಕೋವಿಯಲ್ಲಿ ಅದು ತಿರುಗುಮುರುಗು. ನಿಮ್ಮ ಬ್ಯಾರೆಲ್ ಹೊರಗೆ ಮಿಂಚುತ್ತದೆ, ಒಳಗೆ ಕತ್ತಲೆ. ಒಂದೇ ಕಬ್ಬಿಣ, ಒಂದೇ ವಯಸ್ಸು, ಹೊರಗೆ ಮಾತ್ರ ಹೊಸದು ಹೇಗೆ? ಆಮೇಲೆ ಉಜ್ಜಿ ಬಣ್ಣ ಏರಿಸಿರಬೇಕು. ಇದನ್ನು ಖಚಿತ ಮಾಡಿಕೊಳ್ಳಲು ಒಂದು ಭೂತಗನ್ನಡಿ ಸಾಕು. ತುಕ್ಕು ತಿಂದ ಸಣ್ಣ ಗುಳಿಗಳನ್ನು ಹುಡುಕಿ. ಗುಳಿಯ ಒಳಗೂ ಅದೇ ಕಪ್ಪು ಇದ್ದರೆ ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು ಅಂತ ಅರ್ಥ. ಅಕ್ಷರಗಳ ಅಂಚು ಕರಗಿದ ಹಾಗಿದ್ದರೆ, ಚೂಪಾಗಿರಬೇಕಾದ ಮೂಲೆಗಳು ದುಂಡಾಗಿದ್ದರೆ, ಉಜ್ಜುವ ಚಕ್ರ ಹರಿದಿದೆ.

ಮರದ ಮೇಲೂ ಇದೇ ಕೆಲಸ ನಡೆದಿದೆ ಅನ್ನಿಸುತ್ತದೆ. ಕಾರ್ಖಾನೆಯಿಂದ ಬಂದಾಗ ವಾಲ್‌ನಟ್ ಮರ ಕಬ್ಬಿಣಕ್ಕಿಂತ ಒಂದು ಎಳೆ ಎತ್ತರ ಇರುತ್ತಿತ್ತು. ಲಾಕ್ ತಟ್ಟೆಯ ಅಂಚಿನ ಮೇಲೆ ಉಗುರು ಎಳೆಯಿರಿ. ಮರ ಕೆಳಗಿದ್ದರೆ ಮರಳು ಕಾಗದ ಹಾಕಿ ಸವೆಸಿದ್ದಾರೆ. ಎಡಗಡೆ ಮರದ ಮೇಲೆ ತನಿಖೆ ಮಾಡಿದವರ ಮುದ್ರೆ ಇರಬೇಕಿತ್ತು. ಮೊದಲ ವರ್ಷಗಳದ್ದಾದರೆ 'ಇ.ಎಸ್.ಎ.', ಅಂದರೆ ಅರ್ಸ್ಕಿನ್ ಆಲಿನ್. ಈ ಮುಚ್ಚಳದ ಏರ್ಪಾಡು ರೂಪಿಸಿದ ಕುಶಲಕರ್ಮಿ ಅವರೇ. 1870ರ ದಶಕದ ಕೊನೆಯಿಂದ 'ಎಸ್.ಡಬ್ಲ್ಯೂ.ಪಿ.' ಮುದ್ರೆ, ಪಕ್ಕದಲ್ಲಿ ವರ್ಷ. ನಿಮಗೆ ಯಾವುದೂ ಕಂಡಿಲ್ಲ. ಒಂದೋ ಮುದ್ರೆ ಸವೆದು ಹೋಗಿದೆ, ಇಲ್ಲವೋ ಮರವೇ ಬೇರೆ. ಎರಡರಲ್ಲಿ ಯಾವುದಾದರೂ ಬೆಲೆ ಇಳಿಯಲೇಬೇಕು.

ಬ್ಯಾರೆಲ್ ಒಳಗಿನ ಕತ್ತಲೆಗೆ ಕಾರಣ ಕರಿಮದ್ದು. ಅದರಲ್ಲಿ ಮುಕ್ಕಾಲು ಪಾಲು ಪೊಟ್ಯಾಶಿಯಂ ನೈಟ್ರೇಟ್. ಉಳಿದದ್ದು ಇದ್ದಿಲು, ಗಂಧಕ. ಸುಟ್ಟ ಮೇಲೆ ಉಳಿಯುವ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದಿಲ್ಲವೇ, ಹಾಗೆ. ಅದೇ ದಿನ ತೊಳೆಯದಿದ್ದರೆ ಕಬ್ಬಿಣ ತಿನ್ನಲು ಶುರು. ಬೆಳಕು ಬಿಟ್ಟು ನೋಡಿದಾಗ ಮೂರು ಸುರುಳಿ ಕೊರೆತಗಳು ಸ್ಪಷ್ಟ ಕಾಣಬೇಕು. ಕಪ್ಪಗಿದ್ದರೂ ಅಂಚು ಚೂಪಾಗಿದ್ದರೆ ಪರವಾಗಿಲ್ಲ. ಅಂಚು ಕರಗಿ, ಒಳಗೆಲ್ಲ ಗುಳಿ ಬಿದ್ದಿದ್ದರೆ ಆ ಬ್ಯಾರೆಲ್ ಮುಗಿಯಿತು.

ಇಲ್ಲಿ ಅಮೆರಿಕದ ರೈಫಲ್ ಸಂಘ ಹಳೆಯ ಕೋವಿಗಳಿಗೆ ಇಟ್ಟಿರುವ ದರ್ಜೆ ತಿಳಿದಿರಲಿ. ಕಾರ್ಖಾನೆಯ ಬಣ್ಣ ನೂರಕ್ಕೆ 80 ಪಾಲಿಗೂ ಹೆಚ್ಚು ಉಳಿದು, ಭಾಗಗಳೆಲ್ಲ ಮೂಲದ್ದಾದರೆ 'ಎಕ್ಸಲೆಂಟ್'. 30 ಪಾಲಿಗೂ ಹೆಚ್ಚಿದ್ದರೆ 'ಫೈನ್'. ಅದಕ್ಕೂ ಕಡಿಮೆ, ಅಥವಾ ಬಣ್ಣವೇ ಇಲ್ಲ ಅಂದರೂ ಭಾಗಗಳು ಮೂಲದ್ದೇ ಆಗಿದ್ದರೆ 'ವೆರಿ ಗುಡ್' ಆಗಬಹುದು. ಮತ್ತೆ ಬಣ್ಣ ಹೊಡೆದದ್ದು 'ಗುಡ್'ಗೆ ಇಳಿಯುತ್ತದೆ. ಅಂದರೆ ಬಣ್ಣ ಹೋಗಿ ಕಂದಾದ ಕೋವಿ, ಹೊಸ ಬಣ್ಣ ಹೊಡೆದ ಕೋವಿಗಿಂತ ಮೇಲೆ. ಬ್ಯಾರೆಲ್ ಕತ್ತರಿಸಿದ್ದಾದರೆ ಇನ್ನೂ ಕೆಳಗೆ.

ತುಕ್ಕು ತೆಗೆಯುವ ಪ್ರಶ್ನೆ ಕೇಳಿದಾಗೆಲ್ಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಒಮ್ಮೆ ಒಂದು ಕುಟುಂಬ ತಾತನ ಕೋವಿಯನ್ನು ನನ್ನ ಬಳಿ ತಂದಿತ್ತು. ನನಗೆ ಚೆನ್ನಾಗಿ ಕಾಣಲಿ ಅಂತ ಹಿಂದಿನ ದಿನ ತಂತಿ ಚಕ್ರದಲ್ಲಿ ತಿಕ್ಕಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಮುದ್ರೆ, ನಂಬರು, 100 ವರ್ಷದ ಕಂದು ಬಣ್ಣ, ಎಲ್ಲ ಒಂದು ಸಂಜೆಯಲ್ಲಿ ಹೋಗಿತ್ತು. ಅದನ್ನು ಯಾರೂ ವಾಪಸ್ ತರಲಾರರು.

ಗಾಢ ಕಂದು ಬಣ್ಣದ, ಗಟ್ಟಿಯಾಗಿ ಕೂತ ಪದರ ಇದೆಯಲ್ಲ, ಅದನ್ನು ಮುಟ್ಟಬೇಡಿ. ಅದು ಕೆಳಗಿನ ಕಬ್ಬಿಣವನ್ನು ಕಾಯುತ್ತಿದೆ. ಕಿತ್ತಳೆ ಬಣ್ಣದ, ಬೆರಳಿಗೆ ಪುಡಿಯಾಗಿ ಹತ್ತುವ ತುಕ್ಕು ಮಾತ್ರ ಜೀವಂತ ತುಕ್ಕು. ಅದರ ಮೇಲೆ ತೆಳು ಎಣ್ಣೆ ಹಚ್ಚಿ ಒಂದೆರಡು ದಿನ ಬಿಡಿ. ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಹಟಮಾರಿ ಜಾಗಕ್ಕೆ ಅತಿ ನಯವಾದ ಕಂಚಿನ ಉಣ್ಣೆ (ಕಂಚಿನ ಎಳೆಗಳ ಉಂಡೆ), ಎಣ್ಣೆ ಜೊತೆಗೆ, ಒತ್ತದೆ. ವಿನೆಗರ್, ನಿಂಬೆ, ಹುಣಸೆ, ತುಕ್ಕು ಕರಗಿಸುವ ದ್ರಾವಣ ಯಾವುದೂ ಬೇಡ. ಹಿತ್ತಾಳೆ ಚೊಂಬು ಬೆಳಗುವ ಅಭ್ಯಾಸ ನಮ್ಮ ಕೈಗೆ ಅಂಟಿದೆ, ಇಲ್ಲಿ ಅದನ್ನು ಬಿಡಬೇಕು. ಆಮೇಲೆ ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಹಚ್ಚಿ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ, ಅದರಲ್ಲಿ ಆಮ್ಲವೂ ಇರುತ್ತದೆ. ಬಾಯಿ ಮೇಲೆ ಮಾಡಿ ನಿಲ್ಲಿಸಬೇಡಿ. ಎಣ್ಣೆ ಇಳಿದು ಲಾಕ್ ಹಿಂದಿನ ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ.

ಗುಂಡು ಹಾರಿಸಬಹುದಾ? ಈ ಕೋವಿಯಲ್ಲಿ ಬೇಡ ಅನ್ನುತ್ತೇನೆ. ಇದರ 45-70 ತೋಟಾ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅಪಾಯ ಇರುವುದು ಅಲ್ಲೇ. ಅದೇ ಹೆಸರಿನಲ್ಲಿ ಇವತ್ತಿನ ಗಟ್ಟಿ ರೈಫಲ್‌ಗಳಿಗೆ ಮಾಡಿದ ಜೋರು ತೋಟಾಗಳೂ ಇವೆ. ಅವು ಇದರೊಳಗೆ ಸಲೀಸಾಗಿ ಕೂರುತ್ತವೆ. ಒತ್ತಡಕ್ಕೆ ಮುಚ್ಚಳ ಕಿತ್ತು ಮುಖಕ್ಕೇ ಬರಬಹುದು. ಟ್ರಾಪ್‌ಡೋರ್ ಅನುಭವ ಇರುವ ಕೋವಿ ಕಮ್ಮಾರರು ಮುಚ್ಚಳದ ಕೀಲು, ಚಿಲಕ, ಪಿನ್ನು, ತೋಟಾ ಗೂಡು ನೋಡಿ ಒಪ್ಪಿದರೆ, ಕರಿಮದ್ದಿನ ಹಗುರ ತೋಟಾ ಮಾತ್ರ. ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಖಾಲಿ ಕೋವಿಯ ಕುದುರೆಯನ್ನು, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆಯಂಥ ಭಾಗವನ್ನು, ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ. ಟ್ರಿಗರ್ ಮುಟ್ಟದೆ ಹೆಬ್ಬೆರಳಲ್ಲಿ ಮೆಲ್ಲಗೆ ಮುಂದಕ್ಕೆ ಒತ್ತಿ. ಜಾರಿದರೆ ಒಳಗಿನ ಹಲ್ಲು ಸವೆದಿದೆ. ಹೆಬ್ಬೆರಳು ತೆಗೆಯದೆ ನಿಧಾನಕ್ಕೆ ಇಳಿಸಿ. ಸುಮ್ನೆ ಟಕ್ ಅಂತ ಬಿಡಬೇಡಿ, ಪಿನ್ನು ಮುರಿಯಬಹುದು.

ಊರಿಗೆ ತರುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಲೆಕ್ಕ ಇಟ್ಟುಕೊಂಡು ಕೊಳ್ಳಬೇಡಿ. ಅಮೆರಿಕದ 1968ರ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೂ ಮುಂಚಿನ ಕೋವಿ ಪುರಾತನ ವಸ್ತು. ಅಲ್ಲಿ ಕೊಳ್ಳುವುದು ಸುಲಭ. ಆದರೂ ಆಯಾ ರಾಜ್ಯದ ನಿಯಮ ನೋಡಿಕೊಳ್ಳಬೇಕು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲೂ ಹಳೆಯ ಆಯುಧಗಳಿಗೆ ವಿನಾಯಿತಿ ಇದೆ. ಆದರೆ ಅದರ ಮಾತು ಗಮನಿಸಿ. ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದಂಥದ್ದಕ್ಕೆ ಮಾತ್ರ. ನಿಮ್ಮದು ಹಾಗಲ್ಲ, ತೋಟಾ ಕೂಡ ಸಿಗುತ್ತದೆ. ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್‌ಗೆ ಸಂಬಂಧಿಸಿದ್ದು. ಹೊರದೇಶದಿಂದ ತರುವುದು ಬೇರೆಯೇ ವಿಷಯ. ಕಳಿಸುವ ದೇಶದ ಅನುಮತಿ, ಇಲ್ಲಿನ ಕಸ್ಟಮ್ಸ್, ಎಲ್ಲ ದಾಟಬೇಕು. ವಕೀಲರನ್ನು ಕೇಳದೆ ಒಂದು ತಿರುಪನ್ನೂ ಪೆಟ್ಟಿಗೆಗೆ ಹಾಕಬೇಡಿ.

ಇನ್ನು ಶನಿವಾರದ ಮಾತು. ನನ್ನ ಮೊದಲ ಸಲಹೆ, ಗಡುವಿಗೆ ಹೆದರಬೇಡಿ. 3,800ಕ್ಕೆ ಇದನ್ನು ತೆಗೆದುಕೊಳ್ಳಲೇಬೇಡಿ. ಮರದ ಪಟ್ಟಿಯನ್ನು ಅವರಿಗೇ ತೋರಿಸಿ, ಗೌರವದಿಂದ ಕೇಳಿ. ಕತ್ತರಿಸಿದ್ದು ಅಂತ ಅವರೂ ಒಪ್ಪಿದರೆ, ಬೆಲೆ ಅರ್ಧಕ್ಕಿಂತ ಎಷ್ಟೋ ಕೆಳಗಿಳಿಯಬೇಕು. ಆ ಬೆಲೆಗೆ ಗೋಡೆ ಮೇಲಿಡಲು, ಏರ್ಪಾಡು ಕಲಿಯಲು ತೆಗೆದುಕೊಂಡರೆ ತಪ್ಪಿಲ್ಲ. ಮುಂದೆ ಮಾರುವಾಗ ಲಾಭ ಬರುವುದಿಲ್ಲ ಅನ್ನುವುದು ಗೊತ್ತಿರಲಿ. ಅವರು ಒಪ್ಪದಿದ್ದರೆ, 'ಅಸಲಿ ಕುದುರೆ ದಂಡಿನ ಕಾರ್ಬೈನ್, ಅಲ್ಲದಿದ್ದರೆ 30 ದಿನದಲ್ಲಿ ಹಣ ವಾಪಸ್' ಅಂತ ರಸೀದಿಯಲ್ಲಿ ಬರೆದುಕೊಡಲು ಕೇಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ಬರೆದುಕೊಟ್ಟರೂ, ಅವರಿಗೆ ಸಂಬಂಧ ಇಲ್ಲದ ತಜ್ಞರಿಗೆ ಆ 30 ದಿನದೊಳಗೆ ತೋರಿಸಿ. ನನ್ನನ್ನು ಕೇಳಿದರೆ, ಇದೇ ಹಣಕ್ಕೆ ಸ್ವಲ್ಪ ಕಾದು, ಬಣ್ಣ ಹೋದ, ಮರ ಗೀಚಿದ, ಆದರೆ ಯಾರೂ ಕೈ ಹಾಕದ ಕಾರ್ಬೈನ್ ಹುಡುಕುವುದು ವಾಸಿ.

ಕೈಲ್ ಪೊಳ್ದ್‌ಗೆ ಅಲ್ಲೇ ಪೂಜೆ ಮಾಡಿ. ತೋಕ್ ಪೂ ಇಡಿ. ಒದ್ದೆ ಗಂಧ, ಕುಂಕುಮವನ್ನು ಮಾತ್ರ ಕಬ್ಬಿಣಕ್ಕೆ ಹಚ್ಚಬೇಡಿ. ಆ ತೇವ ಒಂದು ರಾತ್ರಿಯಲ್ಲಿ ಕಲೆ ಮಾಡುತ್ತದೆ. ಕೋವಿಯ ಕೆಳಗೆ ಹಾಸಿದ ಬಟ್ಟೆಗೆ ಹಚ್ಚಿ. ಹೂವನ್ನೂ ಅದೇ ಸಂಜೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿಡಿ.

ಸಾಧ್ಯವಾದರೆ ಮೂರು ಫೋಟೋ ಕಳಿಸಿ. ಕೆಳಗಿನ ಮರದ ಪಟ್ಟಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಬ್ಯಾರೆಲ್ ಬಾಯಿ, ಎದುರಿನಿಂದ. ಎಡಗಡೆ ಬಳೆಯ ಸುತ್ತಲಿನ ಮರ, ಬೆಳಕು ಓರೆಯಾಗಿ ಬೀಳುವ ಹಾಗೆ. ಶುಕ್ರವಾರ ಸಂಜೆಯೊಳಗೆ ಬಂದರೆ ಅದೇ ರಾತ್ರಿ ಉತ್ತರ ಬರೆಯುತ್ತೇನೆ.